ತೊಗರಿ ರಜಿಸ್ಟರ್‌ನಿಂದ ಕ್ಲೌಡ್ ತನಕ: ಶೀಟ್ ಫಾರ್ಮ್ಯಾಟಿಂಗ್ ಕಲಿಯೋರಿಗೆ ಪೂರಾ ಗೈಡ್

ನಮ್ಮ ಕಲಬುರಗಿ ಕಡೆ ನೆಹರು ಗಂಜಿನ ಅಡತಿ ಅಂಗಡಿ ಇರ್ಲಿ, ಕಪನೂರ ಕಡೆ ದಾಲ್ ಮಿಲ್ ಇರ್ಲಿ, ಯಾವ್ದರ ಆಫೀಸ್ ಇರ್ಲಿ, ಕೆಲಸ ಕೇಳಾಕ ಹೋದ್ರ ಮೊದಲ ಕೇಳೋದು ಎಕ್ಸೆಲ್ ಬರ್ತದೇನು ಅಂತ. ಅದೇ ಹುಡುಗ್ರು ಹೈದರಾಬಾದ್, ಪುಣೆ ಕಡೆ ಹೋದ್ರ ಕೇಳೋದು ಕ್ಲೌಡ್ ಗೊತ್ತದೇನು ಅಂತ. ಇವೆರಡೂ ಬ್ಯಾರೆ ಬ್ಯಾರೆ ಅಂತ ತಿಳ್ಕೊಂಡು ಎರಡು ಕೋರ್ಸಿಗೆ ರೊಕ್ಕ ಕಟ್ಟೋರು ಭಾಳ ಮಂದಿ ಅದಾರ, ಆದ್ರ ಖರೇ ಹೇಳಬೇಕಂದ್ರ ಒಂದು ಶೀಟ್ ಸರಿಯಾಗಿ ಫಾರ್ಮ್ಯಾಟ್ ಮಾಡೋದು ಬಂತಂದ್ರ ಕ್ಲೌಡಿನ ಅರ್ಧ ಕಷ್ಟ ಅಲ್ಲೇ ಮುಗೀತದ, ಯಾಕಂದ್ರ ಕ್ಲೌಡಿಗೆ ಡೇಟಾ ಏರಿಸಿದಾಗ ಬರೋ ಎರರ್ ಒಳಗ ಹೆಚ್ಚಿನವು ಶೀಟ್ ಒಳಗ ಮಾಡಿದ ತಪ್ಪಿನಿಂದನೇ ಬರ್ತಾವ.

ಫಾರ್ಮ್ಯಾಟಿಂಗ್ ಅಂದ್ರ ಬಣ್ಣ ಹಚ್ಚೋದು, ಬಾರ್ಡರ್ ಹಾಕೋದು ಅಂತ ನಮಗ ಕಲಿಸ್ಯಾರ. ಅದು ಕೊನೀಗೆ ಮಾಡೋ ಕೆಲಸ. ಮೊದಲಿಗೆ ಈ ಸೆಲ್ ಒಳಗ ಇರೋದು ತಾರೀಖೋ, ನಂಬರೋ, ಬರೇ ಅಕ್ಷರವೋ ಅಂತ ಕಂಪ್ಯೂಟರಿಗೆ ತಿಳಿಸಬೇಕು, ಫಾರ್ಮ್ಯಾಟಿಂಗ್ ಅಂದ್ರ ಅದು. ಈ ಒಂದು ಮಾತು ಹಿಡ್ಕೊಂಡು ಮುಂದ ಹೋಗೋಣ.

ಉದಾಹರಣೆಗೆ ತೊಗರಿ ಲಾಟ್ ರಜಿಸ್ಟರ್ ತಗೋತೀನಿ. ಗುಲ್ಬರ್ಗಾ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಈ ಭಾಗದ್ದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕದ, ಈ ಜಿಲ್ಲಾದಾಗ ತೊಗರಿ ಲೆಕ್ಕ ಗೊತ್ತಿಲ್ಲದ ಮನಿ ಕಡಿಮಿ, ಹಂಗಾಗಿ ಎಲ್ಲರಿಗೂ ತಿಳೀತದ. ನೀವು ಕಿರಾಣಿ, ಟ್ಯೂಷನ್ ಫೀ, ಮೊಬೈಲ್ ರಿಪೇರಿ, ಏನರ ತಗೋರಿ, ಕೆಲಸ ಒಂದೇ.

ಶೀಟ್ ಹಾಕೋದು

ಎಕ್ಸೆಲ್ ಇದ್ರ ಎಕ್ಸೆಲ್, ಇಲ್ಲಂದ್ರ ಗೂಗಲ್ ಶೀಟ್ಸ್ ಫ್ರೀ ಅದ, ಜಿಮೇಲ್ ಅಕೌಂಟ್ ಒಂದಿದ್ರ ಸಾಕು. ನಾನು ಎರಡರದ್ದೂ ಹೇಳ್ಕೋತ ಹೋಗ್ತೀನಿ. ಗೂಗಲ್ ಶೀಟ್ಸ್ ತೆಗೆದ ಕೂಡ್ಲೇ ಏನೂ ಟೈಪ್ ಮಾಡೋಕಿಂತ ಮೊದಲ ಫೈಲ್ ಮೆನು, ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ಯಾವ ದೇಶದ ಪದ್ಧತಿಲೆ ತಾರೀಖು, ನಂಬರ್ ಓದಬೇಕು ಅನ್ನೋದು) ಇಂಡಿಯಾ ಅಂತ ಅದ ಇಲ್ಲ ನೋಡ್ರಿ. ಯುನೈಟೆಡ್ ಸ್ಟೇಟ್ಸ್ ಅಂತ ಇದ್ರ ಬದಲಿ ಮಾಡ್ರಿ. ಇದು ಸಣ್ಣ ಮಾತಲ್ಲ, ಯಾಕ ಅಂತ ತಾರೀಖಿನ ಕಡೆ ಬಂದಾಗ ಹೇಳ್ತೀನಿ.

ಮೊದಲನೇ ಸಾಲು ಹೆಡಿಂಗ್. ಎ ಕಾಲಂ ಲಾಟ್ ನಂಬರ್, ಬಿ ತಾರೀಖು, ಸಿ ರೈತರ ಹೆಸರು, ಡಿ ತಾಲೂಕು, ಇ ತಳಿ, ಎಫ್ ಚೀಲ, ಜಿ ಕ್ವಿಂಟಲ್, ಎಚ್ ದರ, ಐ ಒಟ್ಟು ಮೊತ್ತ, ಜೆ ಅಕೌಂಟ್ ನಂಬರ್, ಕೆ ಐಎಫ್‌ಎಸ್‌ಸಿ, ಎಲ್ ರೊಕ್ಕ ಕೊಟ್ಟ ತಾರೀಖು. ಒಂದು ಲಾಟಿಗೆ ಒಂದೇ ಸಾಲು, ಒಂದು ಕಾಲಂ ಒಳಗ ಒಂದೇ ಥರದ ಮಾಹಿತಿ, ನಡುವೆ ಖಾಲಿ ಸಾಲು ಬ್ಯಾಡ. ಅಂಗಡಿ ಹೆಸರು, ವರ್ಷ, ದೇವರ ಹೆಸರು ಮ್ಯಾಲ ದೊಡ್ಡದಾಗಿ ಬರೀಬೇಕು ಅನ್ನೋರು ಅದಾರ, ಬರೀರಿ, ಆದ್ರ ಅದಕ್ಕ ಬ್ಯಾರೆ ಟ್ಯಾಬ್ ಮಾಡ್ರಿ, ಡೇಟಾ ಇರೋ ಟ್ಯಾಬಿನಾಗ ಮೊದಲನೇ ಸಾಲು ಹೆಡಿಂಗ್ ಆಗೇ ಇರ್ಲಿ.

ಸೆಲ್ ಮರ್ಜ್ ಮಾಡೋ ಚಟ ಬಿಡ್ರಿ. ಒಂದೇ ತಾರೀಖಿಗೆ ಐದು ಲಾಟ್ ಬಂದಾವ ಅಂತ ಐದು ಸೆಲ್ ಕೂಡಿಸಿ ನಡುವೆ ಒಂದೇ ತಾರೀಖು ಬರೀತಾರ, ನೋಡಾಕ ಛಂದ, ಆದ್ರ ಆ ತಾರೀಖು ಮೊದಲನೇ ಸೆಲ್ ಒಳಗ ಮಾತ್ರ ಇರ್ತದ, ಉಳಿದ ನಾಲ್ಕು ಖಾಲಿ. ಸಾರ್ಟ್ ಮಾಡಾಕ ಹೋದ್ರ ಎಕ್ಸೆಲ್ ಒಪ್ಪೋದೇ ಇಲ್ಲ, ಫಿಲ್ಟರ್ ಹಾಕಿದ್ರ ಒಂದೇ ಲಾಟ್ ಬರ್ತದ. ಪ್ರತಿ ಸಾಲಿನಾಗ ತಾರೀಖು ಬರೀರಿ, ಕಂಟ್ರೋಲ್ ಮತ್ತು ಸೆಮಿಕೋಲನ್ ಒತ್ತಿದ್ರ ಇವತ್ತಿನ ತಾರೀಖು ತಾನೇ ಬರ್ತದ, ಕಷ್ಟ ಏನಿಲ್ಲ. ಹೆಡಿಂಗ್ ನಡುವೆ ಬರಬೇಕಂದ್ರ ಎಕ್ಸೆಲ್ ಒಳಗ ಕಂಟ್ರೋಲ್ ಮತ್ತು 1 ಒತ್ತಿ, ಅಲೈನ್‌ಮೆಂಟ್ ಒಳಗ ಸೆಂಟರ್ ಅಕ್ರಾಸ್ ಸೆಲೆಕ್ಷನ್ ಅಂತ ಅದ, ಮರ್ಜ್ ಮಾಡಿದಂಗೇ ಕಾಣ್ತದ ಆದ್ರ ಸೆಲ್ ಬ್ಯಾರೆ ಬ್ಯಾರೆನೇ ಉಳೀತಾವ.

ಆ ಕಂಟ್ರೋಲ್ ಮತ್ತು 1 ನೆನಪಿಡ್ರಿ, ಫಾರ್ಮ್ಯಾಟ್ ಸೆಲ್ಸ್ ಬಾಕ್ಸ್ ತೆಗಿಯೋದು ಅದೇ, ಮುಂದ ಪ್ರತಿ ಸಲ ಅದನ್ನೇ ಹೇಳ್ತೀನಿ.

ತಾರೀಖು, ನಂಬರ್, ಅಕ್ಷರ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಎಲ್ಲಾ ಗೊಂದಲ ಹುಟ್ಟೋದು ಇಲ್ಲೇ.

ಏನೂ ಅಲೈನ್‌ಮೆಂಟ್ ಮುಟ್ಟದ ಸೆಲ್ ಒಳಗ ನೀವು ಟೈಪ್ ಮಾಡಿದ್ದು ಬಲಗಡಿ ಹೋಗಿ ಕುಂತ್ರ ಅದು ನಂಬರ್ ಅಥವಾ ತಾರೀಖು. ಎಡಗಡಿ ಕುಂತ್ರ ಅದು ಟೆಕ್ಸ್ಟ್. ಇದು ಭಾಳ ಸುಲಭದ ಪರೀಕ್ಷೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಡೇಟಾ ಪೂರಾ ಹಾಕೋತನ ಸೆಂಟರ್ ಅಲೈನ್ ಮಾಡಬ್ಯಾಡ್ರಿ ಅಂತ, ಸೆಂಟರ್ ಮಾಡಿದ್ರ ಈ ಗುರುತೇ ಅಳಿಸಿ ಹೋಗ್ತದ.

ತಾರೀಖು ಕಂಪ್ಯೂಟರ್ ಒಳಗ ಒಂದು ನಂಬರ್ ಆಗಿ ಇರ್ತದ, ಎಕ್ಸೆಲ್ ಒಳಗ 1900ರ ಜನವರಿ 1 ಅಂದ್ರ 1, ಅಲ್ಲಿಂದ ದಿನಕ್ಕ ಒಂದು ಹೆಚ್ಚಾಗ್ಕೋತ ಬರ್ತದ. ನಿಮ್ಮ ತಾರೀಖು ಒಮ್ಮೆಲೆ 45672 ಅಂತ ಕಂಡ್ರ ಗಾಬರಿ ಆಗಬ್ಯಾಡ್ರಿ, ಏನೂ ಹಾಳಾಗಿಲ್ಲ, ಡೇಟ್ ಫಾರ್ಮ್ಯಾಟ್ ಕೊಟ್ರ ಅದೇ 15-01-2025 ಆಗ್ತದ. ಹಾಳಾಗೋದು ಬ್ಯಾರೆ ಥರ. ಲೊಕೇಲ್ ಅಮೆರಿಕದ್ದಿದ್ದು ನೀವು 05/02/2025 ಅಂತ ಫೆಬ್ರವರಿ 5 ಹಾಕಿದ್ರ ಅದು ಮೇ 2 ಅಂತ ತಿಳ್ಕೋತದ, ಬಲಗಡಿನೇ ಕುಂದರ್ತದ, ನಿಮಗ ಅನುಮಾನನೂ ಬರೂದಿಲ್ಲ. 15/01/2025 ಹಾಕಿದ್ರ 15ನೇ ತಿಂಗಳು ಇಲ್ಲ ಅಂತ ಟೆಕ್ಸ್ಟ್ ಮಾಡಿ ಎಡಗಡಿ ಒಗೀತದ. ಹಿಂಗ ಒಂದೇ ಕಾಲಂ ಒಳಗ ಅರ್ಧ ತಾರೀಖು ತಪ್ಪು, ಅರ್ಧ ಬರೇ ಟೆಕ್ಸ್ಟ್, ತೊಗರಿ ಸೀಸನ್ ಡಿಸೆಂಬರಿನಿಂದ ಸುರು ಆಗಿ ಫೆಬ್ರವರಿ ಮಾರ್ಚ್ ತನಕ ನಡೀತದಲ್ಲ, ತಿಂಗಳವಾರು ಲೆಕ್ಕ ತೆಗೆದ್ರ ಆಗಸ್ಟ್ ಸೆಪ್ಟೆಂಬರಿನಾಗೂ ಆವಕ ಕಾಣ್ತದ. ಹಂಗ ಕಂಡ್ರ ತಿಳ್ಕೋರಿ, ಲೊಕೇಲ್ ತಪ್ಪದ. ಎಕ್ಸೆಲ್ ಒಳಗ ಇದು ವಿಂಡೋಸಿನ ರೀಜನ್ ಸೆಟ್ಟಿಂಗ್ ನೋಡಿ ನಡೀತದ, ಅಲ್ಲಿ ಇಂಗ್ಲಿಷ್ ಇಂಡಿಯಾ ಇಡ್ರಿ.

ಟೆಕ್ಸ್ಟ್ ಆಗಿ ಕುಂತ ತಾರೀಖು ಸರಿ ಮಾಡಾಕ ಎಕ್ಸೆಲ್ ಒಳಗ ಕಾಲಂ ಸೆಲೆಕ್ಟ್ ಮಾಡಿ, ಡೇಟಾ ಮೆನು, ಟೆಕ್ಸ್ಟ್ ಟು ಕಾಲಮ್ಸ್, ನೆಕ್ಸ್ಟ್, ನೆಕ್ಸ್ಟ್, ಮೂರನೇ ಸ್ಟೆಪ್ಪಿನಾಗ ಡೇಟ್ ಆರಿಸಿ ಡಿಎಂವೈ (ದಿನ, ತಿಂಗಳು, ವರ್ಷ) ಕೊಟ್ಟು ಫಿನಿಶ್. ಆದ್ರ ಫೆಬ್ರವರಿ 5 ಹೋಗಿ ಮೇ 2 ಆದದ್ದು ಇದರಿಂದ ಸರಿ ಆಗೂದಿಲ್ಲ, ಅದನ್ನ ಪಟ್ಟಿ ಹಿಡ್ಕೊಂಡು ಕೈಲೇ ನೋಡಬೇಕು. ಅದಕ್ಕೇ ಲೊಕೇಲ್ ಮೊದಲ ಅಂದದ್ದು.

ಈಗ ಕ್ವಿಂಟಲ್. 12 ಕ್ವಿಂಟಲ್ 40 ಕೆಜಿ ಅಂದ್ರ 12.40, ಸರಿ. 12 ಕ್ವಿಂಟಲ್ 4 ಕೆಜಿ ಅಂದ್ರ? ಲಗೂನ ಬರ್ಯೋವಾಗ 12.4 ಅಂತ ಹಾಕ್ತಾರ, ಅದು 40 ಕೆಜಿ ಆತು, 36 ಕೆಜಿ ಜಾಸ್ತಿ. ಕ್ವಿಂಟಲಿಗೆ ಏಳೂವರೆ ಸಾವಿರ ದರ ಇದ್ರ 2,700 ರೂಪಾಯಿ ಫರಕು, ರೈತಂದರ ಹೋಗ್ತದ ಇಲ್ಲ ಅಂಗಡಿದರ ಹೋಗ್ತದ. ಬರೀಬೇಕಾದದ್ದು 12.04. ಜಿ ಕಾಲಂ ಸೆಲೆಕ್ಟ್ ಮಾಡಿ ಕಂಟ್ರೋಲ್ ಮತ್ತು 1, ನಂಬರ್, ಡೆಸಿಮಲ್ ಪ್ಲೇಸಸ್ 2 ಅಂತ ಕೊಟ್ಟುಬಿಡ್ರಿ, ಆಗ 12.4 ಹಾಕಿದ ಕೂಡ್ಲೇ ಅದು 12.40 ಅಂತ ಕಾಣ್ತದ, ಬರಿಯೋವ್ರ ಕಣ್ಣಿಗೆ ಅಲ್ಲೇ ಬೀಳ್ತದ. ಫಾರ್ಮ್ಯಾಟಿಂಗ್ ಯಾಕ ಬೇಕು ಅಂತ ಯಾರರ ಕೇಳಿದ್ರ ಈ ಒಂದು ಉದಾಹರಣೆ ಸಾಕು ಅಂತ ನನಗನಸ್ತದ.

ದರ, ಮೊತ್ತದ ಕಾಲಂ ಒಳಗ ಸೆಲ್ಲಿನಾಗ ರೂಪಾಯಿ ಚಿಹ್ನೆ, ರೂ, ಕೆಜಿ ಅಂತ ಟೈಪ್ ಮಾಡಬ್ಯಾಡ್ರಿ. 7500 ಅಂತಷ್ಟೇ ಹಾಕ್ರಿ, ಚಿಹ್ನೆ ಬೇಕಂದ್ರ ಫಾರ್ಮ್ಯಾಟಿನಿಂದ ತರ್ರಿ. ಲಕ್ಷ, ಕೋಟಿ ಲೆಕ್ಕದ ಕಾಮಾ ಬೇಕಂದ್ರ ವಿಂಡೋಸಿನಾಗ ರೀಜನ್ ಇಂಡಿಯಾ ಇಟ್ರ ಎಕ್ಸೆಲ್ ತಾನೇ 1,25,000 ಅಂತ ತೋರಸ್ತದ. ಆಗಲಿಲ್ಲಂದ್ರ, ಅಥವಾ ಗೂಗಲ್ ಶೀಟ್ಸ್ ಒಳಗ, ಕಸ್ಟಮ್ ನಂಬರ್ ಫಾರ್ಮ್ಯಾಟ್ ತೆಗೆದು ಇದನ್ನ ಹಂಗೇ ಹಾಕ್ರಿ:

[>=10000000]##\,##\,##\,##0;[>=100000]##\,##\,##0;##,##0

ಕೋಟಿ ಮ್ಯಾಲಿದ್ರ ಮೊದಲನೇ ಭಾಗ, ಲಕ್ಷ ಮ್ಯಾಲಿದ್ರ ಎರಡನೇದು, ಉಳಿದದ್ದಕ್ಕ ಮೂರನೇದು. ಮೈನಸ್ ನಂಬರ್ ಎಲ್ಲಾ ಮೂರನೇದಕ್ಕ ಹೋಗ್ತಾವ, ಅಲ್ಲಿ ಲಕ್ಷದ ಕಾಮಾ ಸರಿ ಬರೂದಿಲ್ಲ, ಅಷ್ಟು ಲಕ್ಷ್ಯ ಇರ್ಲಿ.

ಒಟ್ಟು ಮೊತ್ತಕ್ಕ ಐ2 ಒಳಗ ಈಕ್ವಲ್ ಚಿಹ್ನೆ ಹಾಕಿ ಜಿ2, ಸ್ಟಾರ್, ಎಚ್2. ಕೈಲೇ ಕ್ಯಾಲ್ಕುಲೇಟರಿನಾಗ ಮಾಡಿ ಟೈಪ್ ಮಾಡೋದು ಬ್ಯಾಡ.

ಅಕೌಂಟ್ ನಂಬರ್ ಕಾಲಂ ಇದ್ಯಲ್ಲ, ಇದಕ್ಕ ಟೈಪ್ ಮಾಡೋಕಿಂತ ಮೊದಲೇ ಪೂರಾ ಕಾಲಂ ಸೆಲೆಕ್ಟ್ ಮಾಡಿ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಕೊಡ್ರಿ. ನಂಬರಿನಂಗ ಕಂಡ್ರೂ ಅದು ನಂಬರ್ ಅಲ್ಲ, ಅದನ್ನ ಯಾರೂ ಕೂಡಿಸೂದಿಲ್ಲ, ಕಳೆಯೂದಿಲ್ಲ. ನಂಬರ್ ಅಂತ ಬಿಟ್ರ ಮುಂದಿನ ಸೊನ್ನೆ ಹಾರಿ ಹೋಗ್ತಾವ, ಮತ್ತ ಎಕ್ಸೆಲ್ 15 ಅಂಕಿ ತನಕ ಮಾತ್ರ ನೆನಪಿಡ್ತದ, 16 ಅಂಕಿ ಅಕೌಂಟ್ ನಂಬರಿನ ಕೊನೇ ಅಂಕಿ ಸೊನ್ನೆ ಆಗಿಬಿಡ್ತದ. ಆಮ್ಯಾಲ ಟೆಕ್ಸ್ಟ್ ಅಂತ ಬದಲಿ ಮಾಡಿದ್ರೂ ಹೋದದ್ದು ವಾಪಸ್ ಬರೂದಿಲ್ಲ. ರೈತರ ರೊಕ್ಕ ಬ್ಯಾರೆಯವರ ಖಾತಾಕ್ಕ ಹೋಗೋ ಮಾತಿದು. ಐಎಫ್‌ಎಸ್‌ಸಿ ಯಾವಾಗ್ಲೂ 11 ಅಕ್ಷರ ಇರ್ತದ, ಐದನೇದು ಸೊನ್ನೆ, ಓ ಅಕ್ಷರ ಅಲ್ಲ. ಎಕ್ಸೆಲ್ ಒಳಗ ಡೇಟಾ ಮೆನು, ಡೇಟಾ ವ್ಯಾಲಿಡೇಷನ್, ಟೆಕ್ಸ್ಟ್ ಲೆಂಗ್ತ್, ಈಕ್ವಲ್ ಟು, 11 ಅಂತ ಕೊಟ್ರ 10 ಅಕ್ಷರ ಹಾಕಾಕ ಅದು ಬಿಡೂದೇ ಇಲ್ಲ.

ಸೆಲ್ ಒಳಗ ##### ಬಂದ್ರ ಕಾಲಂ ಸಣ್ಣದಾಗ್ಯದ ಅಷ್ಟೇ, ಹೆಡಿಂಗಿನ ಗೆರಿ ಮ್ಯಾಲ ಡಬಲ್ ಕ್ಲಿಕ್ ಮಾಡ್ರಿ.

ಊರ ಹೆಸರು, ತಳಿ ಹೆಸರು

ತಾಲೂಕಿನ ಕಾಲಂ ಬರ್ಯೋರ ಕೈಗೆ ಬಿಟ್ರ ಒಬ್ರು ಆಳಂದ, ಒಬ್ರು ಅಳಂದ, ಒಬ್ರು ಇಂಗ್ಲಿಷಿನಾಗ, ಇನ್ನೊಬ್ರು ಕೊನೀಗೆ ಒಂದು ಸ್ಪೇಸ್ ಬಿಟ್ಟು ಬರೀತಾರ. ನಮಗ ಎಲ್ಲಾ ಒಂದೇ, ಕಂಪ್ಯೂಟರಿಗೆ ನಾಲ್ಕು ತಾಲೂಕು. ನಮ್ಮ ಊರಿಂದೇ ನೋಡ್ರಿ, 2014ರ ನವೆಂಬರ್ 1ಕ್ಕ ಗುಲ್ಬರ್ಗಾ ಹೋಗಿ ಕಲಬುರಗಿ ಆತು, ಆದ್ರ ಇನ್ನೂ ಎಷ್ಟೋ ಫೈಲಿನಾಗ ಎರಡೂ ಹೆಸರು ಕೂಡೇ ನಡದಾವ. ಪರಿಹಾರ ಡ್ರಾಪ್‌ಡೌನ್. ಬ್ಯಾರೆ ಟ್ಯಾಬಿನಾಗ ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಕಲಬುರಗಿ ಹಿಂಗ ನಿಮಗ ಬೇಕಾದ ಪಟ್ಟಿ ಬರೀರಿ, ಡಿ ಕಾಲಂ ಸೆಲೆಕ್ಟ್ ಮಾಡಿ ಡೇಟಾ ವ್ಯಾಲಿಡೇಷನ್ ಒಳಗ ಲಿಸ್ಟ್ ಆರಿಸಿ ಆ ಪಟ್ಟಿ ತೋರಿಸ್ರಿ. ಗೂಗಲ್ ಶೀಟ್ಸ್ ಒಳಗ ಇನ್ಸರ್ಟ್, ಡ್ರಾಪ್‌ಡೌನ್. ತಳಿಗೂ ಹಂಗೇ ಮಾಡ್ರಿ, ಟಿಎಸ್-3ಆರ್ ಅಂತ ಒಬ್ರು, ಟಿಎಸ್ 3 ಆರ್ ಅಂತ ಒಬ್ರು ಬರ್ಯೋದು ನಿಂದರ್ತದ.

ಕನ್ನಡದಾಗ ಹೆಸರು ಬರ್ಯೋರಿಗೆ ಒಂದು ಮುಖ್ಯ ಮಾತು. ಹಳೇ ನುಡಿ, ಬರಹ ಫಾಂಟಿನಾಗ ಟೈಪ್ ಮಾಡಿದ ಫೈಲ್ ನಿಮ್ಮ ಕಂಪ್ಯೂಟರಿನಾಗ ಛಲೋ ಕಾಣ್ತದ, ಅದನ್ನ ಗೂಗಲ್ ಶೀಟ್ಸಿಗೆ ಏರಿಸಿದ್ರ, ಇಲ್ಲಾ ಯಾರಿಗರ ವಾಟ್ಸಾಪ್ ಮಾಡಿದ್ರ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಬರ್ತಾವ, ಯಾಕಂದ್ರ ಒಳಗ ಇರೋದು ಕನ್ನಡ ಅಲ್ಲ, ಫಾಂಟ್ ಅಷ್ಟೇ ಕನ್ನಡದ ಆಕಾರ ತೋರಸ್ತದ. ಇಲ್ಲೂ ಅದೇ ಮಾತು ಬಂತು, ಕಾಣೋದು ಬ್ಯಾರೆ, ಒಳಗಿರೋದು ಬ್ಯಾರೆ. ನುಡಿ, ಬರಹ ಎರಡರಾಗೂ ಯೂನಿಕೋಡ್ (ಒಳಗೂ ಕನ್ನಡ ಅಕ್ಷರನೇ ಇಡೋ ಪದ್ಧತಿ) ಮೋಡ್ ಅದ, ಅದನ್ನೇ ಇಟ್ಕೋರಿ, ಫಾಂಟ್ ತುಂಗಾ ಅಥವಾ ನಿರ್ಮಲಾ ಯುಐ ಕೊಡ್ರಿ. ಹಳೇ ಫೈಲ್ ಇದ್ರ ಕನ್ವರ್ಟರಿನಿಂದ ಯೂನಿಕೋಡಿಗೆ ತಂದೇ ಮುಂದ ಹೋಗ್ರಿ. ಈ ಕೆಲಸ ಬಿಟ್ಟು ಕ್ಲೌಡಿಗೆ ಹೋಗಬ್ಯಾಡ್ರಿ.

ಈಗ ಬಣ್ಣ

ಮೊದಲ ಹೆಡಿಂಗ್ ಸಾಲು ಫ್ರೀಜ್ ಮಾಡ್ರಿ, ವ್ಯೂ ಮೆನು, ಫ್ರೀಜ್ ಪೇನ್ಸ್, ಫ್ರೀಜ್ ಟಾಪ್ ರೋ. ಆಮ್ಯಾಲ ಡೇಟಾ ಒಳಗ ಎಲ್ಲರ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಟಿ ಒತ್ತಿದ್ರ ಎಕ್ಸೆಲ್ ಟೇಬಲ್ ಮಾಡಿ ಕೊಡ್ತದ, ಪಟ್ಟೆ ಬಣ್ಣ, ಫಿಲ್ಟರ್ ಎಲ್ಲಾ ಒಮ್ಮೆಲೆ ಬರ್ತದ, ಹೊಸ ಸಾಲು ಹಾಕಿದ್ರ ಫಾರ್ಮುಲಾನೂ ತಾನೇ ಕೆಳಗ ಇಳೀತದ. ಗೂಗಲ್ ಶೀಟ್ಸ್ ಒಳಗೂ ಫಾರ್ಮ್ಯಾಟ್ ಮೆನುದಾಗ ಕನ್ವರ್ಟ್ ಟು ಟೇಬಲ್ ಬಂದದ.

ಕೈಲೇ ಬಣ್ಣ ಹಚ್ಚಿ ಕೆಂಪು ಅಂದ್ರ ಬಾಕಿ, ಹಸಿರು ಅಂದ್ರ ಕೊಟ್ಟಾತು ಅಂತ ನೆನಪಿಡೋ ಪದ್ಧತಿ ನನಗ ಬಿಲ್ಕುಲ್ ಸೇರೂದಿಲ್ಲ. ಬಣ್ಣ ಡೇಟಾ ಅಲ್ಲ, ಬ್ಯಾರೆ ಕಡೆ ಕಳಿಸಿದ್ರ ಬಣ್ಣ ಹೋಗೂದಿಲ್ಲ, ಅದರ ಅರ್ಥನೂ ಹೋಗೂದಿಲ್ಲ. ಬಾಕಿ ಅನ್ನೋದು ಎಲ್ ಕಾಲಂ ಖಾಲಿ ಇರೋದ್ರಿಂದ ತಿಳೀಬೇಕು, ಬಣ್ಣ ಅದನ್ನ ನೋಡಿ ತಾನೇ ಬರಬೇಕು. ಎ2ರಿಂದ ಡೇಟಾ ಪೂರಾ ಸೆಲೆಕ್ಟ್ ಮಾಡಿ, ಹೋಮ್, ಕಂಡೀಷನಲ್ ಫಾರ್ಮ್ಯಾಟಿಂಗ್, ನ್ಯೂ ರೂಲ್, ಯೂಸ್ ಎ ಫಾರ್ಮುಲಾ ಅಂತ ಇರೋದನ್ನ ಆರಿಸಿ ಇದನ್ನ ಹಾಕ್ರಿ, ಇಲ್ಲಿ ಕನ್ನಡದಾಗ ಬರದೀನಿ, ನೀವು ಇಂಗ್ಲಿಷ್ ಅಕ್ಷರದಾಗ ಹೊಡೀರಿ:

=ಆ್ಯಂಡ್($ಎ2<>"",$ಎಲ್2="")

ಲಾಟ್ ನಂಬರ್ ಅದ, ರೊಕ್ಕ ಕೊಟ್ಟ ತಾರೀಖು ಇಲ್ಲ, ಅಂಥಾ ಸಾಲಿಗೆ ಬಣ್ಣ ಕೊಡು ಅಂತ ಇದರ ಅರ್ಥ. ಡಾಲರ್ ಚಿಹ್ನೆ ಕಾಲಂ ಅಕ್ಷರದ ಮುಂದಷ್ಟೇ ಇರಬೇಕು, 2ರ ಮುಂದ ಬ್ಯಾಡ, ಆಗಲೇ ಪೂರಾ ಸಾಲಿಗೆ ಬಣ್ಣ ಬರ್ತದ. ತಾರೀಖು ಹಾಕಿದ ಕೂಡ್ಲೇ ಬಣ್ಣ ಹೋಗ್ತದ.

ಪ್ರಿಂಟ್ ಬೇಕಂದ್ರ ಪೇಜ್ ಲೇಔಟ್ ಒಳಗ ಎ4, ಲ್ಯಾಂಡ್‌ಸ್ಕೇಪ್, ಅಗಲ 1 ಪೇಜ್, ಮತ್ತ ಪ್ರಿಂಟ್ ಟೈಟಲ್ಸ್ ಒಳಗ ಮೊದಲನೇ ಸಾಲು ಕೊಡ್ರಿ, ಪ್ರತಿ ಹಾಳಿ ಮ್ಯಾಲ ಹೆಡಿಂಗ್ ಬರ್ತದ.

ಕ್ಲೌಡ್ ಅಂದ್ರ ಏನು, ಎಲ್ಲಿಂದ ಸುರು ಮಾಡೋದು

ಸ್ವಂತ ಗೋದಾಮ್ ಕಟ್ಟೋಕಿಂತ ಇನ್ನೊಬ್ರ ಗೋದಾಮಿನಾಗ ಬೇಕಾದಷ್ಟು ಜಾಗ ಬಾಡಿಗಿಗೆ ತಗೊಂಡಂಗ, ಕಂಪ್ಯೂಟರ್, ಡಿಸ್ಕ್, ಸಾಫ್ಟ್‌ವೇರ್ ಇಂಟರ್ನೆಟ್ ಮ್ಯಾಲ ಬಾಡಿಗಿಗೆ ತಗೊಳ್ಳೋದು ಕ್ಲೌಡ್. ಕೀಲಿ ಮಾತ್ರ ನಿಮ್ದು, ಕೀಲಿ ಕಾಯೋ ಜವಾಬ್ದಾರಿನೂ ನಿಮ್ದು. ಮೂರು ಥರ ಅವ. ತಯಾರ ಸಾಫ್ಟ್‌ವೇರ್ ಬಳಸೋದು ಸಾಸ್, ನಮ್ಮ ಕೋಡ್ ಹಾಕಿ ಉಳಿದದ್ದು ಅವ್ರೇ ನಡಸೋದು ಪಾಸ್, ಬರೇ ಮಷೀನ್ ತಗೊಂಡು ಎಲ್ಲಾ ನಾವೇ ಮಾಡೋದು ಐಯಾಸ್. ಗೂಗಲ್ ಶೀಟ್ಸ್ ಬಳಸೋರು ಆಗಲೇ ಮೊದಲನೇದ್ರಾಗ ಅದಾರ.

ಹಂಗಾಗಿ ಮೊದಲ ಮೆಟ್ಟಿಲು ಡ್ರೈವ್. ಗೂಗಲ್ ಅಕೌಂಟಿಗೆ 15 ಜಿಬಿ ಫ್ರೀ, ಜಿಮೇಲ್, ಫೋಟೋಸ್, ಡ್ರೈವ್ ಮೂರೂ ಅದರಾಗೇ. ಎಕ್ಸೆಲ್ ಫೈಲ್ ಡ್ರೈವಿಗೆ ಹಾಕಿ ಗೂಗಲ್ ಶೀಟ್ಸ್ ಆಗಿ ಸೇವ್ ಮಾಡ್ರಿ. ಏನರ ಅಳಿಸಿ ಹೋದ್ರ ಫೈಲ್, ವರ್ಷನ್ ಹಿಸ್ಟರಿ ಒಳಗ ಹಳೇದು ಸಿಗ್ತದ. ಶೇರ್ ಮಾಡೋವಾಗ ಎನಿವನ್ ವಿತ್ ದಿ ಲಿಂಕ್ ಕೊಡಬ್ಯಾಡ್ರಿ, ರೈತರ ಅಕೌಂಟ್ ನಂಬರ್ ಅದರಾಗ ಅವ, ಆ ಲಿಂಕ್ ಒಂದು ಗ್ರೂಪಿನಾಗ ಬಿತ್ತಂದ್ರ ಮುಗೀತು. ಇಮೇಲ್ ಹಾಕಿ ಒಬ್ಬೊಬ್ರಿಗೆ ಕೊಡ್ರಿ, ನೋಡೋರಿಗೆ ವ್ಯೂವರ್, ಬರ್ಯೋರಿಗಷ್ಟೇ ಎಡಿಟರ್. ಫಾರ್ಮುಲಾ ಕಾಲಂ ಯಾರೂ ಮುಟ್ಟಬಾರ್ದು ಅಂದ್ರ ಡೇಟಾ ಮೆನುದಾಗ ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್. ಗೂಗಲ್ ಅಕೌಂಟಿಗೆ ಟೂ ಸ್ಟೆಪ್ ವೆರಿಫಿಕೇಷನ್ ಇವತ್ತೇ ಹಾಕ್ರಿ.

ಕರೆಂಟ್ ನೆಟ್ ಹೋಗ್ತದಲ್ಲ ಅನ್ನೋರಿಗೆ, ಕ್ರೋಮ್ ಒಳಗ ಡ್ರೈವ್ ಸೆಟ್ಟಿಂಗ್ಸಿನಾಗ ಆಫ್‌ಲೈನ್ ಆನ್ ಮಾಡಿಟ್ರ ನೆಟ್ ಇಲ್ದಾಗ ಬರದದ್ದು ನೆಟ್ ಬಂದ್ಮ್ಯಾಲ ತಾನೇ ಏರ್ತದ.

ಎರಡನೇ ಮೆಟ್ಟಿಲು: ಕಾರ್ಡ್ ಇಲ್ಲದೇ ಬಿಗ್‌ಕ್ವೆರಿ

ಕ್ಲೌಡ್ ಕಲೀಬೇಕಂದ್ರ ಕ್ರೆಡಿಟ್ ಕಾರ್ಡ್ ಬೇಕು ಅಂತ ಹೆದರಿ ಬಿಟ್ಟ ಹುಡುಗ್ರಿಗೆ ಇದು ಛಲೋ ದಾರಿ. ಬಿಗ್‌ಕ್ವೆರಿ ಅಂದ್ರ ದೊಡ್ಡ ಟೇಬಲ್ ಇಟ್ಟು ಅದಕ್ಕ ಪ್ರಶ್ನೆ, ಅಂದ್ರ ಕ್ವೆರಿ, ಕೇಳೋ ಜಾಗ, ಸ್ಯಾಂಡ್‌ಬಾಕ್ಸ್ ಅದರ ಫ್ರೀ ಭಾಗ. ಗೂಗಲ್ ಕ್ಲೌಡಿನ ಬಿಗ್‌ಕ್ವೆರಿ ಸ್ಯಾಂಡ್‌ಬಾಕ್ಸಿಗೆ ಕಾರ್ಡ್ ಬ್ಯಾಡ. 10 ಜಿಬಿ ಸ್ಟೋರೇಜ್, ತಿಂಗಳಿಗೆ 1 ಟಿಬಿ ಕ್ವೆರಿ ಫ್ರೀ. ಒಂದು ಶರತ್ತು, ಹಾಕಿದ ಟೇಬಲ್ 60 ದಿನಕ್ಕ ತಾನೇ ಅಳಿಸಿ ಹೋಗ್ತದ, ಕಲಿಯೋರಿಗೆ ಅದರಿಂದ ತೊಂದ್ರಿ ಇಲ್ಲ, ಮತ್ತೊಮ್ಮೆ ಹಾಕ್ರಿ.

ಆದ್ರ ಮೊದಲ ಕಳಿಸೋ ಫೈಲ್ ತಯಾರ ಮಾಡಬೇಕು. ಸಿಎಸ್‌ವಿ (ಕಾಲಂ ನಡುವೆ ಕಾಮಾ ಇರೋ ಸಾದಾ ಅಕ್ಷರದ ಫೈಲ್) ಅಂತ ಸೇವ್ ಮಾಡಿದಾಗ ಸ್ಕ್ರೀನ್ ಮ್ಯಾಲ ಹೆಂಗ ಕಾಣ್ತದೋ ಹಂಗೇ ಫೈಲಿಗೆ ಇಳೀತದ. ಇಷ್ಟೊತ್ತು ಫಾರ್ಮ್ಯಾಟಿಂಗ್ ಅಂತ ಬಡ್ಕೊಂಡದ್ದು ಇದಕ್ಕೇ. 1,25,000 ಅಂತ ಕಂಡ್ರ ಕಾಮಾ ಸಮೇತ ಹೋಗ್ತದ, ಆ ಕಡೆ ಬಿಗ್‌ಕ್ವೆರಿ ಅದನ್ನ ನಂಬರ್ ಅನ್ನೂದಿಲ್ಲ, ಸ್ಟ್ರಿಂಗ್ (ಬರೇ ಅಕ್ಷರ) ಅಂತದ. 15/01/2025 ಕೂಡ ಸ್ಟ್ರಿಂಗೇ ಆಗ್ತದ. ದರ 7499.60 ಇದ್ದು ನೀವು ಡೆಸಿಮಲ್ ಸೊನ್ನೆ ಮಾಡಿದ್ರ 7500 ಅಂತ ಹೋಗ್ತದ, ಪೈಸೆ ಅಲ್ಲೇ ಉಳೀತಾವ.

ಅದಕ್ಕ ಎಕ್ಸ್‌ಪೋರ್ಟ್ ಅಂತ ಬ್ಯಾರೆ ಟ್ಯಾಬ್ ಮಾಡ್ರಿ. ಮೂಲ ಟ್ಯಾಬಿನಿಂದ ಬೇಕಾದ ಕಾಲಂ ಅಷ್ಟೇ ತರ್ರಿ, ಕಂಟ್ರೋಲ್, ಶಿಫ್ಟ್ ಮತ್ತು ವಿ ಒತ್ತಿ ವ್ಯಾಲ್ಯೂ ಮಾತ್ರ ಪೇಸ್ಟ್ ಮಾಡ್ರಿ. ರೈತರ ಹೆಸರು, ಅಕೌಂಟ್ ನಂಬರ್, ಐಎಫ್‌ಎಸ್‌ಸಿ ತರಬ್ಯಾಡ್ರಿ, ದರದ ಲೆಕ್ಕಕ್ಕ ಅವು ಬೇಕಾಗಿಲ್ಲ, ಬ್ಯಾರೆಯವರ ಖಾಸಗಿ ಮಾಹಿತಿ ಬೇಕಿಲ್ಲದ ಕಡೆ ಒಯ್ಯಬಾರ್ದು, 2023ರಾಗ ಇದಕ್ಕಂತಲೇ ಡೇಟಾ ಸಂರಕ್ಷಣಾ ಕಾಯ್ದೆನೂ ಬಂದದ. ಹೆಡಿಂಗ್ ಇಂಗ್ಲಿಷಿನಾಗ, ಸಣ್ಣ ಅಕ್ಷರ, ಸ್ಪೇಸ್ ಬದಲಿ ಅಂಡರ್‌ಸ್ಕೋರ್. ತಾರೀಖಿನ ಕಾಲಮಿಗೆ ಕಸ್ಟಮ್ ಫಾರ್ಮ್ಯಾಟ್ ಒಳಗ ವೈ ನಾಲ್ಕು ಸಲ, ಹೈಫನ್, ಎಂ ಎರಡು ಸಲ, ಹೈಫನ್, ಡಿ ಎರಡು ಸಲ ಹಾಕ್ರಿ, 2025-01-15 ಅಂತ ಕಾಣಬೇಕು. ನಂಬರಿಗೆ ಕಾಮಾ ಇಲ್ಲದ ಸಾದಾ ಫಾರ್ಮ್ಯಾಟ್, ಡೆಸಿಮಲ್ 2. ಆಮ್ಯಾಲ ಫೈಲ್, ಡೌನ್‌ಲೋಡ್, ಕಾಮಾ ಸೆಪರೇಟೆಡ್ ವ್ಯಾಲ್ಯೂಸ್, ಈಗ ತೆರೆದಿರೋ ಟ್ಯಾಬ್ ಮಾತ್ರ ಬರ್ತದ. ಎಕ್ಸೆಲ್ ಒಳಗಿಂದ ಆದ್ರ ಸೇವ್ ಆ್ಯಸ್ ಒಳಗ ಸಿಎಸ್‌ವಿ ಯುಟಿಎಫ್-8 ಅಂತ ಇರೋದನ್ನೇ ಆರಿಸ್ರಿ, ಬರೇ ಸಿಎಸ್‌ವಿ ಆರಿಸಿದ್ರ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗ್ತದ.

ಬಂದ ಫೈಲ್ ಎಕ್ಸೆಲ್ ಒಳಗ ತೆರೆದು ನೋಡಬ್ಯಾಡ್ರಿ, ಅದು ಮತ್ತ ತನ್ನ ಬುದ್ಧಿ ತೋರಿಸಿ ತಾರೀಖು ಬದಲಿ ಮಾಡ್ತದ. ನೋಟ್‌ಪ್ಯಾಡ್ ಒಳಗ ನೋಡ್ರಿ, ಅಲ್ಲಿ ಕಂಡದ್ದೇ ಖರೇ.

ಈಗ ಗೂಗಲ್ ಕ್ಲೌಡ್ ಕನ್ಸೋಲಿಗೆ ಹೋಗಿ ಪ್ರಾಜೆಕ್ಟ್ ಮಾಡ್ರಿ, ಬಿಗ್‌ಕ್ವೆರಿ ತೆಗೀರಿ, ಪ್ರಾಜೆಕ್ಟ್ ಹೆಸರಿನ ಮುಂದ ಮೂರು ಚುಕ್ಕಿ ಒತ್ತಿ ಕ್ರಿಯೇಟ್ ಡೇಟಾಸೆಟ್ (ಟೇಬಲ್ ಇಡೋ ಫೋಲ್ಡರ್ ಇದ್ದಂಗ). ಲೊಕೇಷನ್ ಕೇಳ್ತದ, ಮುಂಬೈ ಕೊಡ್ರಿ, ಆಮ್ಯಾಲ ಬದಲಿ ಮಾಡಾಕ ಬರೂದಿಲ್ಲ. ಡೇಟಾಸೆಟ್ ಒಳಗ ಕ್ರಿಯೇಟ್ ಟೇಬಲ್, ಸೋರ್ಸ್ ಅಪ್‌ಲೋಡ್, ಫೈಲ್ ಆರಿಸ್ರಿ, ಫಾರ್ಮ್ಯಾಟ್ ಸಿಎಸ್‌ವಿ, ಸ್ಕೀಮಾ (ಯಾವ ಕಾಲಂ ಯಾವ ಥರದ್ದು ಅನ್ನೋ ಪಟ್ಟಿ) ಆಟೋ ಡಿಟೆಕ್ಟ್ ಟಿಕ್ ಮಾಡ್ರಿ, ಅಡ್ವಾನ್ಸ್ಡ್ ಒಳಗ ಹೆಡರ್ ರೋಸ್ ಟು ಸ್ಕಿಪ್ 1. ಹಿಂಗ ಅಪ್‌ಲೋಡ್ ಮಾಡೋ ಫೈಲ್ 100 ಎಂಬಿ ಒಳಗಿರಬೇಕು, ತೊಗರಿ ರಜಿಸ್ಟರಿಗೆ ಅದು ಬೇಕಾದಷ್ಟಾತು.

ಟೇಬಲ್ ತಯಾರಾದ ಕೂಡ್ಲೇ ಸ್ಕೀಮಾ ಟ್ಯಾಬ್ ನೋಡ್ರಿ. ತಾರೀಖಿನ ಮುಂದ ಡೇಟ್, ಕ್ವಿಂಟಲ್ ಮತ್ತು ದರದ ಮುಂದ ಫ್ಲೋಟ್ (ದಶಾಂಶ ಸಂಖ್ಯೆ) ಅಥವಾ ಇಂಟಿಜರ್ (ಪೂರ್ಣ ಸಂಖ್ಯೆ) ಅಂತ ಇದ್ರ ನಿಮ್ಮ ಫಾರ್ಮ್ಯಾಟಿಂಗ್ ಪಾಸ್. ಸ್ಟ್ರಿಂಗ್ ಅಂತ ಬಂದ್ರ ಆ ಕಾಲಂ ಒಳಗ ಎಲ್ಲೋ ಒಂದು ಸೆಲ್ ಸರಿ ಇಲ್ಲ, ಬಹುಶಃ ಯಾರೋ ಕ್ವಿಂಟಲ್ ಜಾಗದಾಗ ಬಾಕಿ ಅಂತ ಬರದಾರ, ಶೀಟಿಗೆ ವಾಪಸ್ ಹೋಗಿ ಹುಡಕ್ರಿ. ಅಲ್ಲಿ ಸರಿ ಮಾಡದೇ ಇಲ್ಲಿ ತೇಪಿ ಹಚ್ಚಬ್ಯಾಡ್ರಿ.

ಮೊದಲನೇ ಕ್ವೆರಿಗೆ ತಾಲೂಕುವಾರು ಸರಾಸರಿ ದರ ತೆಗೀರಿ. ಇಲ್ಲೊಂದು ಮಾತು, ಬರೇ ದರದ ಸರಾಸರಿ ತೆಗೆದ್ರ 2 ಕ್ವಿಂಟಲ್ ಲಾಟಿಗೂ 60 ಕ್ವಿಂಟಲ್ ಲಾಟಿಗೂ ಒಂದೇ ತೂಕ ಕೊಟ್ಟಂಗಾಗ್ತದ. 2 ಕ್ವಿಂಟಲ್ 8000ಕ್ಕ ಹೋಗಿ 60 ಕ್ವಿಂಟಲ್ 7000ಕ್ಕ ಹೋದ್ರ ಸಾದಾ ಸರಾಸರಿ 7500 ಬರ್ತದ, ಖರೇ ಸರಾಸರಿ 7032. ಕ್ವೆರಿ ಎಸ್‌ಕ್ಯೂಎಲ್ ಭಾಷಾದಾಗ ಬರೀತಾರ, ಅದರ ಸೆಲೆಕ್ಟ್ ಒಳಗ ಕ್ವಿಂಟಲ್ ಗುಣಿಸು ದರ ಇದರ ಸಮ್ (ಕೂಡಿಸಿದ ಮೊತ್ತ) ತಗೊಂಡು ಕ್ವಿಂಟಲಿನ ಸಮ್ಮಿನಿಂದ ಭಾಗಿಸ್ರಿ, ಕೊನೀಗೆ ಗ್ರೂಪ್ ಬೈ ತಾಲೂಕು, ಅಂದ್ರ ತಾಲೂಕಿಗೊಂದು ಲೆಕ್ಕ. ರನ್ ಒತ್ತೋಕಿಂತ ಮೊದಲ ಈ ಕ್ವೆರಿ ಎಷ್ಟು ಡೇಟಾ ಓದ್ತದ ಅಂತ ಮ್ಯಾಲೇ ತೋರಸ್ತದ, ಅದನ್ನ ನೋಡೋ ರೂಢಿ ಈಗಿಂದೇ ಹಾಕ್ಕೋರಿ, ಮುಂದ ಬಿಲ್ ಬರೋದು ಅದರ ಮ್ಯಾಲೇ.

ಮೂರನೇ ಮೆಟ್ಟಿಲು: ಎಡಬ್ಲ್ಯೂಎಸ್, ಮತ್ತ ಬಿಲ್ಲಿನ ಮಾತು

ಕಾರ್ಡ್ ಇದ್ದು ಇನ್ನೂ ಕಲೀಬೇಕು ಅನ್ನೋರು ಎಡಬ್ಲ್ಯೂಎಸ್ (ಅಮೆಜಾನಿನ ಕ್ಲೌಡ್) ಅಕೌಂಟ್ ತೆಗೀಬಹುದು. ಹಳೇ ವಿಡಿಯೋದಾಗ 12 ತಿಂಗಳು ಫ್ರೀ ಅಂತ ಹೇಳ್ತಾರ, 2025ರ ಜುಲೈ 15ರಿಂದ ಹೊಸ ಅಕೌಂಟಿಗೆ ಆ ಪದ್ಧತಿ ಇಲ್ಲ. ಈಗ 100 ಡಾಲರ್ ಕ್ರೆಡಿಟ್, ಅವ್ರು ಹೇಳಿದ ಕೆಲವು ಕೆಲಸ ಮಾಡಿ ಮುಗಿಸಿದ್ರ ಇನ್ನ 100 ತನಕ ಸಿಗ್ತದ, ಫ್ರೀ ಪ್ಲಾನ್ 6 ತಿಂಗಳು ಇಲ್ಲಾ ಕ್ರೆಡಿಟ್ ಮುಗಿಯೋತನ. ಕಲಿಯೋರು ಅಕೌಂಟ್ ತೆಗಿಯೋವಾಗ ಫ್ರೀ ಪ್ಲಾನೇ ಆರಿಸ್ರಿ, ಪೇಯ್ಡ್ ಬ್ಯಾಡ.

ಅಕೌಂಟ್ ಆದ ಕೂಡ್ಲೇ ಬ್ಯಾರೆ ಏನೂ ಮುಟ್ಟದೇ ಮೂರು ಕೆಲಸ ಮಾಡ್ರಿ. ರೂಟ್ ಯೂಸರಿಗೆ (ಎಲ್ಲಾ ಅಧಿಕಾರ ಇರೋ ಮೂಲ ಲಾಗಿನ್) ಎಂಎಫ್‌ಎ, ಅಂದ್ರ ಪಾಸ್‌ವರ್ಡ್ ಜತಿ ಎರಡನೇ ಗುರುತು, ಹಾಕ್ರಿ. ದಿನದ ಕೆಲಸಕ್ಕ ಬ್ಯಾರೆ ಯೂಸರ್ ಮಾಡ್ಕೋರಿ, ರೂಟ್ ಬಳಸಬ್ಯಾಡ್ರಿ. ಬಿಲ್ಲಿಂಗ್ ಒಳಗ ಬಜೆಟ್ ಹಾಕಿ 1 ಡಾಲರಿಗೇ ಇಮೇಲ್ ಬರೋಹಂಗ ಮಾಡ್ರಿ. ಬಜೆಟ್ ಅಲರ್ಟ್ ಬರೇ ತಿಳಸ್ತದ, ಖರ್ಚು ತಾನಾಗೇ ನಿಲ್ಲಸೂದಿಲ್ಲ, ಇಮೇಲ್ ಬಂದ್ರ ನೀವೇ ಹೋಗಿ ಬಂದ್ ಮಾಡಬೇಕು.

ಆಮ್ಯಾಲ ರೀಜನ್, ಅಂದ್ರ ಅವ್ರ ಮಷೀನ್ ಇರೋ ಊರು. ಮುಂಬೈ 2016ರಿಂದ ಅದ, ಹೈದರಾಬಾದ್ 2022ರ ನವೆಂಬರಿನಾಗ ಬಂತು. ನಮಗ ಹತ್ರ ಹೈದರಾಬಾದೇ, ಆದ್ರ ಅದು ತಾನೇ ಆನ್ ಇರೂದಿಲ್ಲ, ಅಕೌಂಟ್ ಪೇಜಿನಾಗ ಎನೇಬಲ್ ಮಾಡಬೇಕು. ಕಲಿಯೋರಿಗೆ ಮುಂಬೈ ಸಾಕು, ಮುಖ್ಯ ಅಂದ್ರ ಒಂದೇ ರೀಜನ್ ಹಿಡೀರಿ, ಇವತ್ತೊಂದು ನಾಳೆ ಒಂದು ಮಾಡಿದ್ರ ಎಲ್ಲಿ ಏನ್ ಚಾಲೂ ಬಿಟ್ಟೀರಿ ಅಂತ ತಿಳಿಯೂದಿಲ್ಲ.

ಮೊದಲ ಸರ್ವಿಸ್ ಎಸ್3 ಮಾಡ್ರಿ, ಅದು ಬರೇ ಫೈಲ್ ಇಡೋ ಜಾಗ, 2006ರಿಂದ ನಡದದ. ಕ್ರಿಯೇಟ್ ಬಕೆಟ್ (ಫೈಲ್ ಇಡೋ ಡಬ್ಬಿ) ಒತ್ತಿ ಹೆಸರು ಕೊಡ್ರಿ, ಜಗತ್ತಿನಾಗ ಯಾರೂ ಇಡದ ಹೆಸರಾಗಿರಬೇಕು, ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್. ಬ್ಲಾಕ್ ಆಲ್ ಪಬ್ಲಿಕ್ ಆ್ಯಕ್ಸೆಸ್ ಮೊದಲೇ ಟಿಕ್ ಆಗಿರ್ತದ, ಹಂಗೇ ಬಿಡ್ರಿ, ಯಾವ ವಿಡಿಯೋದಾಗ ತೆಗೀರಿ ಅಂದ್ರೂ ತೆಗೀಬ್ಯಾಡ್ರಿ. ವರ್ಷನಿಂಗ್ ಎನೇಬಲ್ ಮಾಡಿ ರಜಿಸ್ಟರಿನ ಸಿಎಸ್‌ವಿ ತಿಂಗಳಿಗೊಮ್ಮೆ ಏರಿಸ್ರಿ, ಅದೇ ಹೆಸರಿನಾಗ ಮತ್ತೊಮ್ಮೆ ಹಾಕಿದ್ರೂ ಹಳೇದು ಉಳೀತದ. ಏರಿಸಿದ ಮ್ಯಾಲ ಒಮ್ಮೆ ವಾಪಸ್ ಡೌನ್‌ಲೋಡ್ ಮಾಡಿ ನೋಟ್‌ಪ್ಯಾಡಿನಾಗ ತೆರೆದು ನೋಡ್ರಿ, ವಾಪಸ್ ತೆಗೆದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ.

ವರ್ಚುವಲ್ ಮಷೀನ್, ಅಂದ್ರ ಇಸಿ2, ಎಲ್ಲಾರಿಗೂ ಮೊದಲ ಅದನ್ನೇ ಮಾಡಬೇಕು ಅನಸ್ತದ. ಶೀಟ್ ಮತ್ತ ಲೆಕ್ಕದ ಕೆಲಸಕ್ಕ ಅದು ಬೇಕಾಗೂದೇ ಇಲ್ಲ. ಕಲಿಯಾಕ ಮಾಡಿದ್ರ ಲಕ್ಷ್ಯ ಕೊಟ್ಟು ಮಾಡ್ರಿ: ಸ್ಟಾಪ್ ಮಾಡಿದ್ರ ಮಷೀನಿನ ಬಾಡಿಗಿ ನಿಂದರ್ತದ, ಡಿಸ್ಕಿಂದು ನಿಂದರೂದಿಲ್ಲ. 2024ರ ಫೆಬ್ರವರಿಯಿಂದ ಪಬ್ಲಿಕ್ ಐಪಿವಿ4 ಅಡ್ರೆಸ್ಸಿಗೂ (ಇಂಟರ್ನೆಟ್ಟಿನಾಗ ಮಷೀನಿನ ವಿಳಾಸ) ತಾಸಿಗೆ 0.005 ಡಾಲರ್ ಅದ, 30 ದಿನಕ್ಕ 3.60 ಡಾಲರ್ ಬರ್ತದ. ಕೆಲಸ ಮುಗೀತಂದ್ರ ಸ್ಟಾಪ್ ಅಲ್ಲ ಟರ್ಮಿನೇಟ್ (ಪೂರಾ ಅಳಿಸೋದು), ಆಮ್ಯಾಲ ವಾಲ್ಯೂಮ್ಸ್ (ಡಿಸ್ಕ್) ಮತ್ತು ಇಲಾಸ್ಟಿಕ್ ಐಪಿ (ಕಾಯ್ದಿಟ್ಟ ವಿಳಾಸ) ಪೇಜ್ ಎರಡೂ ತೆಗೆದು ಖಾಲಿ ಅವ ಇಲ್ಲ ನೋಡ್ರಿ, ಮರುದಿನ ಬಿಲ್ಲಿಂಗ್ ಪೇಜ್ ಒಮ್ಮೆ ನೋಡ್ರಿ. ಆ್ಯಕ್ಸೆಸ್ ಕೀ (ಪ್ರೋಗ್ರಾಮಿನಿಂದ ಅಕೌಂಟಿಗೆ ಹೋಗೋ ಕೀಲಿ) ಮಾಡ್ಕೊಂಡಿದ್ರ ಅದನ್ನ ಶೀಟ್ ಒಳಗ, ವಾಟ್ಸಾಪಿನಾಗ, ಗಿಟ್‌ಹಬ್ಬಿನಾಗ ಎಲ್ಲೂ ಹಾಕಬ್ಯಾಡ್ರಿ, ಬಳಸೂದಿಲ್ಲಂದ್ರ ಡಿಲೀಟ್ ಮಾಡಿಬಿಡ್ರಿ.